ಮೂವತ್ತು ಮೀಟರಿನೊಳಗೆ ಒಂದು ರಸ್ತೆ

ಕಳೆದ ಮಂಗಳವಾರ ಬೀದರಿನ ಒಂದು ಆಫೀಸಿನಲ್ಲಿ ನನ್ನನ್ನು ಹೊಗಳಿದರು.

ಎಪ್ಪತ್ತಮೂರಕ್ಕೆ ಹೊಗಳಿಕೆ ಸಿಗುವುದೇ ಅಪರೂಪ. ಸಿಕ್ಕರೂ ‘ಈ ವಯಸ್ಸಿನಲ್ಲೂ’ ಎಂಬ ಬಾಲ ಕಟ್ಟಿಕೊಂಡೇ ಬರುತ್ತದೆ. ಇದು ಹಾಗಲ್ಲ. ಕಂಪ್ಯೂಟರ್ ಮುಂದೆ ಕುಳಿತ ಗುಮಾಸ್ತರು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, “ಮೇಡಂ, ಎಲ್ಲಾ ರೂಟಿಗಿಂತ ನಿಮ್ಮ ರೂಟಿನ ಡೇಟಾ ಭಾಳ ಕ್ಲೀನ್ ಅದರಿ. ಬ್ಯಾರೆ ಡ್ರೈವರ್ ಲೋಗರಿಗಿ ಸ್ಯಾಂಪಲ್ ಅಂತ ಇದನ್ನೇ ತೋರಸ್ತೀವಿ,” ಎಂದರು.

ನಾನು ಹೋದದ್ದು ಅದೇ ಡೇಟಾದಲ್ಲಿ ನಾನು ಮಾಡಿದ ತಪ್ಪನ್ನು ತಿದ್ದಿಸಲು. “ಥ್ಯಾಂಕ್ಯೂ,” ಎಂದು ಎದ್ದು ಬಂದೆ. (ಕಾನ್ವೆಂಟ್ ಕಲಿಸಿದ್ದು ಇಂಥ ಹೊತ್ತಿನಲ್ಲೂ ಬಿಡುವುದಿಲ್ಲ.)

ಮೊದಲಿನಿಂದ ಹೇಳುತ್ತೇನೆ.

ನಾನು ಭಾಲ್ಕಿಯವಳು ಎಂದು ನಿಮಗೆ ಗೊತ್ತು. ನನ್ನ ಮೊಣಕಾಲಿನ ಕಥೆಯೂ ಗೊತ್ತು, ಅದರ ಮೇಲೆ ಎರಡು ಅಂಕಣ ಬರೆದು ನಿಮ್ಮ ತಲೆ ತಿಂದಿದ್ದೇನೆ. ಫಿಸಿಯೋಥೆರಪಿಗೆಂದು ವಾರಕ್ಕೆ ಮೂರು ದಿನ ಮಶಾಕನ ವ್ಯಾನಿನಲ್ಲಿ ಬೀದರಿಗೆ ಹೋಗಿ ಬರುತ್ತೇನೆ. ಬಿಳಿ ವ್ಯಾನು, ಹದಿನಾಲ್ಕು ಸೀಟು. ಆಫೀಸಿಗೆ ಹೋಗುವವರು, ಕಾಲೇಜಿನವರು, ಅಂಗಡಿ ಕೆಲಸದವರು, ನಾನು. ಮಶಾಕನಿಗೂ ಅರವತ್ತರ ಹತ್ತಿರ. ನನ್ನನ್ನು ‘ಮಿಸ್’ ಎನ್ನುತ್ತಾನೆ. ನಾನು ಗಣಿತ ಕಲಿಸಿದ ಮಕ್ಕಳು ಅಜ್ಜ ಅಜ್ಜಿಯರಾದರು, ನಾನಿನ್ನೂ ಮಿಸ್.

ಭಾಲ್ಕಿಯಿಂದ ಹೊರಟು ಬೀದರಿನ ಅಂಚಿನ ನೌಬಾದ ಇನ್ನೇನು ಬಂತು ಎನ್ನುವಾಗ ಎಡಗಡೆ ಒಂದು ಮನೆ. ಮುಂದೆ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಬೆಳಿಗ್ಗೆ ಎಂಟೂವರೆಗೆ ಸುಜಾತಾ ನಿಂತಿರುತ್ತಿದ್ದಳು. ನೀಲಿ ಬ್ಯಾಗು, ಕೈಯಲ್ಲಿ ಬಿಳಿ ಕೋಲು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬೀದರಿನ ಒಂದು ನರ್ಸಿಂಗ್ ಹೋಮಿನಲ್ಲಿ ಟೆಲಿಫೋನ್ ಎತ್ತುವ ಕೆಲಸ. ಯಾವ ಡಾಕ್ಟರು ಯಾವ ವಾರ, ಯಾವ ಕೋಣೆ, ಎಲ್ಲ ಬಾಯಲ್ಲಿ. ಮೊದಲ ತಿಂಗಳು ಅವರಪ್ಪ ತೊಗರಿ ಹೊಲ ಬಿಟ್ಟು ಜೊತೆಗೆ ಬರುತ್ತಿದ್ದರು. ಎರಡನೆಯ ತಿಂಗಳು ಅವಳೇ ಅವರನ್ನು ವ್ಯಾನಿನಿಂದ ಇಳಿಸಿದಳು. “ಬಾಬಾ, ನೀ ಬಂದ್ರ ಮಂದಿ ನಿನ್ನ ಸಂಗಡ ಮಾತಾಡ್ತಾರ, ನನ್ನ ಸಂಗಡ ಮಾತಾಡಂಗಿಲ್ಲ. ಹೊಲಕ್ಕ ಹೋಗು.”

ವ್ಯಾನಿನಲ್ಲಿ ನನ್ನನ್ನು ಅವಳು ಗುರುತಿಸುತ್ತಿದ್ದುದು ಪೌಡರಿನ ವಾಸನೆಯಿಂದ. “ಮಿಸ್, ಇವತ್ತ ಡಬ್ಬಿ ಖಾಲಿ ಆಗ್ಯಾದೇನ್ರಿ? ವಾಸನಿ ಕಮ್ಮಿ ಅದ.” ಇಡೀ ವ್ಯಾನು ನಗುತ್ತಿತ್ತು. ನಾನೂ.

ಬೆಳಿಗ್ಗೆ ತೊಂದರೆ ಇರಲಿಲ್ಲ, ಮನೆ ನಮ್ಮ ಎಡಕ್ಕೇ. ಸಂಜೆ ಬೀದರಿನಿಂದ ಮರಳುವಾಗ ಮನೆ ಬಲಕ್ಕೆ. ನಡುವೆ ನಾಲ್ಕು ಲೇನಿನ ರಸ್ತೆ, ಡಿವೈಡರ್. ಆ ಕಡೆಯ ಉಳಿದವರೆಲ್ಲ ಮನೆಯೆದುರಿನ ಪಾನ್ ಅಂಗಡಿಯ ಹತ್ತಿರ ಇಳಿದು ರಸ್ತೆ ದಾಟುತ್ತಿದ್ದರು. ಸುಜಾತಾ ಮಾತ್ರ ಇಳಿಯುತ್ತಿರಲಿಲ್ಲ. ಮಶಾಕ ಸ್ವಲ್ಪ ಮುಂದೆ ಹೋಗಿ, ಡಿವೈಡರ್ ಒಡೆದಲ್ಲಿ ವ್ಯಾನು ತಿರುಗಿಸಿ, ಆ ಕಡೆಯಿಂದ ವಾಪಸ್ ಬಂದು, ಬಾಗಿಲು ಸರಿಯಾಗಿ ಕಟ್ಟೆಗೆ ಹೊಂದುವಂತೆ ನಿಲ್ಲಿಸುತ್ತಿದ್ದ. ಅವಳು ಇಳಿದ ಮೇಲೆ ಮತ್ತೊಮ್ಮೆ ತಿರುಗಿಸಿ ಭಾಲ್ಕಿ ದಾರಿ. ಇದಕ್ಕೆ ನಮ್ಮ ವ್ಯಾನಿನಲ್ಲಿ ‘ಸುಜಾತಾನ ಸುತ್ತು’ ಎಂದು ಹೆಸರು.

ಹೊಸಬರು ಯಾರಾದರೂ “ಅರೆ ಭಾಯಿ, ವಾಪಸ್ ಬೀದರಕ್ಕ ಯಾಕ ಹೊಂಟ್ರಿ?” ಎಂದು ಗಾಬರಿಯಾದರೆ, ಹಿಂದಿನ ಸೀಟಿನವರು, “ಸುಮ್ನ ಕೂಡ್ರಿ, ಸುಜಾತಾನ ಸುತ್ತು,” ಎನ್ನುತ್ತಿದ್ದರು. ಅಷ್ಟೇ. ಏಳೆಂಟು ನಿಮಿಷ ಹೆಚ್ಚು. ವರ್ಷಗಟ್ಟಲೆ ಯಾರೂ ತಕರಾರು ಮಾಡಿದ್ದನ್ನು ನಾನು ಕೇಳಿಲ್ಲ. ವಾಚು ನೋಡಿಕೊಂಡದ್ದು ನೋಡಿದ್ದೇನೆ. ಆದರೆ ತಕರಾರು ಕೇಳಿಲ್ಲ.

ಇನ್ನು ನನ್ನ ಪಾಪದ ಭಾಗ.

ಖಾಸಗಿ ಶಟಲ್ ಗಾಡಿಗಳಿಗೆ ಶಿಸ್ತು ಬೇಕು ಎಂದು ಇದೇ ಅಂಕಣದಲ್ಲಿ ಬರೆದವಳು ನಾನು. ಬಾಗಿಲಿಗೆ ಜೋತುಬಿದ್ದ ಹುಡುಗಿಯರು, ಮನ ಬಂದಲ್ಲಿ ಹಾಕುವ ಬ್ರೇಕು, ಯಾವ ಗಾಡಿ ಎಲ್ಲಿ ಹೋಗುತ್ತದೆಂದು ಆ ದೇವರಿಗೂ ಗೊತ್ತಿಲ್ಲದ ಸ್ಥಿತಿ. ಬರೆದಾಗ ನೀವೂ ಹೌದೆಂದಿರಿ. ಈಗಲೂ ಅದು ಸುಳ್ಳೆಂದು ನಾನು ಹೇಳುವುದಿಲ್ಲ.

ಶಿಸ್ತು ಬಂತು. ಸಿಟಿಗೆ ಬರುವ ಎಲ್ಲ ಶಟಲ್ ಗಾಡಿಗಳೂ ಒಂದೇ ನಮೂನೆಯಲ್ಲಿ ಡೇಟಾ ಕೊಡಬೇಕು. ರೂಟು, ನಿಲ್ಲುವ ಜಾಗಗಳು, ಪ್ರತಿ ಜಾಗಕ್ಕೂ ನಕ್ಷೆಯ ಮೇಲೆ ಒಂದು ಚುಕ್ಕೆ, ಸಮಯ. ಗಾಡಿಗೆ ಜಿಪಿಎಸ್ ಪೆಟ್ಟಿಗೆ. ಕೊಟ್ಟ ಚುಕ್ಕೆ ಬಿಟ್ಟು ಬೇರೆಡೆ ನಿಂತರೆ, ರೂಟು ಬಿಟ್ಟು ತಿರುಗಿದರೆ ಕೆಂಪು ಗುರುತು. ಮೂರು ಗುರುತಾದರೆ ಪರ್ಮಿಟ್ ಸಸ್ಪೆಂಡ್.

ಮಶಾಕ ನನ್ನ ಮನೆಗೆ ಬಂದ. ಕೈಯಲ್ಲಿ ಮಡಚಿದ ಕಾಗದ.

“ಮಿಸ್, ಅಂಗ್ರೇಜಿ ಫಾರ್ಮ್ ಅದರಿ. ನನ್ನ ಕೈಲೆ ಆಗಂಗಿಲ್ಲ. ಜರಾ ತುಂಬಿ ಕೊಡ್ರಿ.”

ತುಂಬಿ ಕೊಡುವುದೇ? ಇಂಥ ಕೆಲಸಕ್ಕೆ ನಾನು ಎಷ್ಟು ದಿನದಿಂದ ಕಾದಿದ್ದೆನೋ! ಲ್ಯಾಪ್‌ಟಾಪ್ ತೆಗೆದೆ, ಕನ್ನಡಕ ಒರೆಸಿದೆ. ಅವನ ಕಾಗದ ನೋಡಿದರೆ ನಗು ಬಂತು. ನಿಲ್ಲುವ ಜಾಗಗಳೆಲ್ಲ ಮನುಷ್ಯರ ಹೆಸರಿನಲ್ಲಿ. ‘ಗುರಪ್ಪ ಮಾಸ್ತರ’ (ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಅವರ ಮೂಲೆಯಲ್ಲಿ ವ್ಯಾನು ಇನ್ನೂ ನಿಲ್ಲುತ್ತದೆ). ‘ನರ್ಸಬಾಯಿ’. ‘ಪಾನ್ ಡಬ್ಬಾ’. ಅದರ ಕೆಳಗೆ, ‘ಸುಜಾತಾ’.

ಒಂದೊಂದನ್ನೂ ಅಧಿಕೃತ ಹೆಸರಿಗೆ ತಿದ್ದಿದೆ. ವಾರ್ಡು, ಕ್ರಾಸು, ಎದುರಿನ ಕಟ್ಟಡ. ಚುಕ್ಕೆಗಳನ್ನು ನಕ್ಷೆಯ ಮೇಲೆ ಒಂದೊಂದಾಗಿ ಕೂರಿಸಿದೆ. ನಮ್ಮ ಕಾನ್ವೆಂಟಿನ ಸಿಸ್ಟರುಗಳ ಕಾಲದಲ್ಲಿ ಲೆಕ್ಕದ ಉತ್ತರ ಸರಿಯಿದ್ದರೂ ಪುಟ ಗಲೀಜಾಗಿದ್ದರೆ ಅರ್ಧ ಮಾರ್ಕು ಹೋಗುತ್ತಿತ್ತು. ‘ನೀಟ್‌ನೆಸ್, ಗರ್ಲ್ಸ್!’ ಆ ದನಿ ಅರವತ್ತು ವರ್ಷದಿಂದ ನನ್ನ ಬೆನ್ನ ಹಿಂದೆ ನಿಂತಿದೆ.

ಬೀದರಿನಿಂದ ಮರಳಿ ಬರುವ ದಾರಿಯ ಪಟ್ಟಿ ತುಂಬುವಾಗ ಒಂದು ಸಾಲು ಹಳದಿಯಾಯಿತು. ‘ಎರಡು ಸ್ಟಾಪುಗಳು ಮೂವತ್ತು ಮೀಟರಿನ ಒಳಗಿವೆ. ಡೂಪ್ಲಿಕೇಟ್ ತೆಗೆಯಬೇಕೆ?’

ಪಾನ್ ಡಬ್ಬಾ ಒಂದು. ಸುಜಾತಾ ಇನ್ನೊಂದು. ನಕ್ಷೆಯಲ್ಲಿ ಎರಡು ಚುಕ್ಕೆ ಅಂಟಿಕೊಂಡಂತೆ ಕಾಣುತ್ತಿದ್ದವು. ಮಶಾಕ ಅಡುಗೆಮನೆಯ ಬಾಗಿಲಲ್ಲಿ ನನ್ನ ಕೆಲಸದಾಕೆಯ ಜೊತೆ ಔರಾದಿನ ಮದುವೆಯೊಂದರ ಊಟದ ಬಗ್ಗೆ ಮಾತಾಡುತ್ತಿದ್ದ. ಕೂಗಿ ಕೇಳಬಹುದಿತ್ತು. ಹತ್ತು ಹೆಜ್ಜೆ ದೂರ.

ನಾನು ‘ಯೆಸ್’ ಒತ್ತಿದೆ. ಹಳದಿ ಹೋಯಿತು, ಜೊತೆಗೆ ಎರಡನೆಯ ಸಾಲೂ. ಪಟ್ಟಿ ಎಷ್ಟು ಚೆನ್ನಾಗಿ ಕಾಣಿಸಿತು ಎಂದರೆ, ನಿಮಗೆ ಸುಳ್ಳು ಏಕೆ ಹೇಳಲಿ, ಒಂದು ನಿಮಿಷ ಸುಮ್ಮನೆ ನೋಡುತ್ತ ಕುಳಿತೆ.

ಆ ಮೂವತ್ತು ಮೀಟರಿನೊಳಗೆ ಏನಿತ್ತು? ರಸ್ತೆ ಇತ್ತು. ಇಡೀ ರಸ್ತೆ. ವಾರಕ್ಕೆ ಮೂರು ಸಂಜೆ ‘ಸುಜಾತಾನ ಸುತ್ತು’ ಸುತ್ತಿ ಬಂದವಳಿಗೆ, ಸ್ಕ್ರೀನಿನ ಮುಂದೆ ಕುಳಿತಾಗ ಅದು ನೆನಪಾಗಲಿಲ್ಲ.

ಜಿಪಿಎಸ್ ಪೆಟ್ಟಿಗೆ ಬಂದ ಮೊದಲ ಸಂಜೆ ಮಶಾಕ ಎಂದಿನಂತೆ ತಿರುಗಿಸಿದ. ಕೆಂಪು ಗುರುತು. ಎರಡನೆಯ ಸಂಜೆಯೂ ತಿರುಗಿಸಿದ. ಇನ್ನೊಂದು. ಮೊಬೈಲಿನಲ್ಲಿ ಬಂದ ಮೆಸೇಜನ್ನು ಅವನು ಹಿಂದಿನ ಸೀಟಿನ ಒಬ್ಬರ ಕೈಯಲ್ಲಿ ಓದಿಸಿದ. ಸುಜಾತಾಳ ಕಿವಿ ಬಲು ಚುರುಕು.

“ಮಾಮಾ, ಇನ್ನೊಂದು ಬಂದ್ರ ಏನಾಗ್ತದ?”

“ಏನಾಗಂಗಿಲ್ಲ ಬೇಟಿ. ನೀ ಕೂಡು.”

“ಗಾಡಿ ಬಂದ್ ಮಾಡ್ತಾರ. ನಾ ಕೇಳೇನಿ. ನಾಳಿಂದ ಪಾನ್ ಡಬ್ಬಾದ ಬಲ್ಲಿ ಇಳಿಸು. ನಾ ದಾಟ್ತೇನಿ.”

“ಹ್ಯಾಂಗ ದಾಟ್ತಿ?”

“ಕಾಲಿಲೆ.”

ಯಾರೂ ನಗಲಿಲ್ಲ.

ನಾಲ್ಕು ಸಂಜೆ ದಾಟಿದಳು. ಜೊತೆಗೆ ಇಳಿದವರು ಕೈ ಹಿಡಿದರು. ಐದನೆಯ ಸಂಜೆ ಅಲ್ಲಿ ಇಳಿದವಳು ಅವಳೊಬ್ಬಳೇ. ನಾನು ವ್ಯಾನಿನಲ್ಲೇ ಇದ್ದೆ. “ಮಿಸ್, ನೀವು ಇಳೀಬ್ಯಾಡ್ರಿ, ನಿಮ್ಮ ಮೊಣಕಾಲು ದಾಟಸ್ಲಿಕ್ಕ ಮತ್ತ ನಾನೇ ಬೇಕು,” ಎಂದು ಹೇಳಿ ಹೋದಳು. ಮಶಾಕ ವ್ಯಾನು ನಿಲ್ಲಿಸಿಕೊಂಡೇ ನೋಡುತ್ತಿದ್ದ. ಇಳಿದು ಹೋಗೋಣವೆಂದು ಅವನು ಬಾಗಿಲು ತೆರೆಯುವಷ್ಟರಲ್ಲಿ ಅವಳು ಡಿವೈಡರ್ ಮುಟ್ಟಿ ಆಗಿತ್ತು.

ಆಗ ಆ ಬದಿಯಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಇಂಜಿನ್ನಿನ ಮೇಲೆ ಕಿವಿ ಒಡೆಯುವ ಸ್ಪೀಕರು. ಸುಜಾತಾ ಸದ್ದು ಎಣಿಸುವವಳು. ಇಂಜಿನ್ ದಾಟಿತು, ಹಾಡು ದಾಟಿತು. ಅವಳು ಹೆಜ್ಜೆ ಇಟ್ಟಳು.

ಟ್ರಾಲಿಗಳು ಇನ್ನೂ ದಾಟಿರಲಿಲ್ಲ.

ಕೋಲು ಗಾಲಿಗೆ ಸಿಕ್ಕಿ ಮುರಿಯಿತು. ಅವಳು ಹಿಂದಕ್ಕೆ ಬಿದ್ದಳು, ಡಿವೈಡರಿನ ಮೇಲೆ. ಅಂಗೈ ತರಚಿಹೋಗಿತ್ತು, ಮೊಣಕೈಯಲ್ಲಿ ರಕ್ತ. ಅಷ್ಟೇ ಎಂದು ಎಲ್ಲರೂ ಹೇಳುತ್ತಾರೆ. ಅವರಪ್ಪ ಓಡಿ ಬಂದು ಮಗಳನ್ನು ಎಬ್ಬಿಸಲಿಲ್ಲ. ಮೊದಲು ಮುರಿದ ಕೋಲಿನ ಎರಡೂ ತುಂಡು ಆರಿಸಿಕೊಂಡರು. ಆಮೇಲೆ, “ಸಾಕು,” ಎಂದರು. ಒಂದೇ ಮಾತು.

ಅಂದಿನಿಂದ ಸುಜಾತಾ ಮನೆಯಲ್ಲಿದ್ದಾಳೆ. ನರ್ಸಿಂಗ್ ಹೋಮಿನವರು ಈ ತಿಂಗಳ ಕೊನೆಯವರೆಗೆ ಅವಳ ಕುರ್ಚಿ ಖಾಲಿ ಇಡುತ್ತೇವೆ ಎಂದಿದ್ದಾರೆ. ಇನ್ನು ಹನ್ನೊಂದು ದಿನ.

ಹಾಗಾಗಿ ಮಂಗಳವಾರ ಆ ಆಫೀಸಿಗೆ ಹೋದೆ. ಅಳಿಸಿದ ಸಾಲನ್ನು ಮತ್ತೆ ಸೇರಿಸಿ ಎಂದೆ. ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು, ನೀರು ಕೊಟ್ಟರು.

“ಈಗ ಡೇಟಾ ಫ್ರೀಝ್ ಆಗ್ಯಾದರಿ ಮೇಡಂ. ಮುಂದಿನ ರಿವಿಜನ್ನಿನಾಗ ಅರ್ಜಿ ಹಾಕ್ರಿ.”

“ರಿವಿಜನ್ ಯಾವಾಗ?”

“ಮ್ಯಾಲಿಂದ ತಾರೀಖ ಬಂದಿಲ್ಲರಿ. ಮತ್ತ ಆ ಎರಡು ಪಾಯಿಂಟ್ ಭಾಳ ಹತ್ತಿರ ಅವ. ಸಿಸ್ಟಮ್ ಮತ್ತ ಹಳದಿ ತೋರಸ್ತದ.”

“ನಡುವೆ ಹೈವೇ ಇದೆ.”

ಅವರು ಪಾಪ, ನಕ್ಷೆಯನ್ನು ದೊಡ್ಡದು ಮಾಡಿ ನೋಡಿದರು. ಇನ್ನೂ ದೊಡ್ಡದು ಮಾಡಿದರು. “ರಸ್ತಾದ ಯಾವ ಬಾಜು ಅಂತ ಕಾಲಮ್ಮೇ ಇಲ್ಲರಿ ಮೇಡಂ,” ಎಂದರು. ಆಮೇಲೆ, ನನ್ನ ಮುಖ ನೋಡಿ ಸಮಾಧಾನ ಮಾಡಲೆಂದೇ ಇರಬೇಕು, ಆ ಹೊಗಳಿಕೆ. ಜೊತೆಗೆ ಒಂದು ಕೋರಿಕೆ: ಔರಾದಿನ ಕಡೆಯ ವ್ಯಾನಿನವರ ಪಟ್ಟಿಗಳು ಬಾಕಿ ಇವೆ, ಅವರಿಗೆ ಇಂಗ್ಲಿಷ್ ಬರುವುದಿಲ್ಲ, ತಾವು ಒಮ್ಮೆ...

ಅಲ್ಲಿಂದ ನೇರ ಸುಜಾತಾಳ ಮನೆಗೆ ಹೋದೆ. ಅವಳು ಅದೇ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು, ಬೆರಳಿನಿಂದಲೇ ಕಲ್ಲು ಹುಡುಕುತ್ತ.

“ಬರ್ರಿ ಮಿಸ್. ಪೌಡರ್ ಹೊಸಾ ಡಬ್ಬಿ.”

ನಾನು ಹೇಳಿದೆ. ಸಾಲು ಅಳಿಸಿದ್ದು ನಾನು ಎಂದು. ಅವಳ ಬೆರಳು ನಿಂತವು.

“ನೀವಾ? ನಾ ಮಶಾಕ್ ಮಾಮಾ ಬರ್ಸಲಿಕ್ಕ ಮರ್ತಾನ ಅಂತ ತಿಳ್ಕೊಂಡಿದ್ದೆ. ಫೋನ್ ಹಚ್ಚಿ ಎಷ್ಟು ಬೈದೀನ್ರಿ ಅಂವಗ. ‘ಹೌದು ಬೇಟಿ, ಗಲ್ತಿ ನಂದೇ’ ಅಂದ.”

ನನ್ನ ಹೆಸರು ಅವನ ಬಾಯಿಂದ ಬಂದಿರಲಿಲ್ಲ. ನಾನು ಹಳದಿ ಸಾಲಿನ ವಿಷಯ ಹೇಳಿದೆ, ಒತ್ತಿದ್ದು ಹೇಳಿದೆ. ಇಂಗ್ಲಿಷಿನಲ್ಲಿ ‘ಸಾರಿ’ ಎಂದೆ. ಕನ್ನಡದಲ್ಲಿ ಬಾಯಿ ಬರಲಿಲ್ಲ.

“ಹಳದಿ ಅಂದ್ರ ಎಚ್ಚರಿಕಿ ಏನ್ರಿ ಮಿಸ್?”

“ಹೂಂ.”

“ನಿಮಗ ಬಂತು. ನನಗ ಬರಬೇಕಾಗಿತ್ತು.”

ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಮತ್ತೆ ಬೇಳೆಗೆ ಕೈ ಹಾಕಿದಳು. ಒಳಗಿನಿಂದ ಅವರಪ್ಪ ಹೊರಬಂದು ನಮಸ್ಕಾರ ಮಾಡಿದರು, ಚಹಾ ಕುಡಿದು ಹೋಗಿ ಎಂದರು. ಅವರ ಹಿಂದೆ ಗೋಡೆಯ ಮೊಳೆಗೆ ಕೋಲಿನ ಎರಡು ತುಂಡುಗಳನ್ನು ದಾರದಿಂದ ಕಟ್ಟಿ ತೂಗುಹಾಕಿದ್ದರು. ಎದುರಿಗೆ ರಸ್ತೆಯ ಆಚೆ ಮಶಾಕನ ವ್ಯಾನು ಬಂದು, ಸರಿಯಾಗಿ ತನ್ನ ಚುಕ್ಕೆಯ ಮೇಲೆ ನಿಂತು, ಸರಿಯಾದ ಸಮಯಕ್ಕೆ ಹೊರಟುಹೋಯಿತು. ಸುಜಾತಾ ತಲೆ ಎತ್ತಿ ಆ ಸದ್ದು ಮುಗಿಯುವವರೆಗೆ ಕೇಳಿಸಿಕೊಂಡಳು.

ನಿಯಮ ಬೇಡ ಎನ್ನುತ್ತಿಲ್ಲ. ನಾಳೆ ಯಾವುದೋ ಹುಡುಗಿ ಬಾಗಿಲಿನಿಂದ ಜಾರಿ ಬಿದ್ದರೆ ನಾನೇ ಮತ್ತೆ ಬರೆಯುತ್ತೇನೆ. ಆದರೆ ಒಂದು ಊರಿನ ಓಡಾಟವನ್ನು ಬರೆದಿಡುವಾಗ ಊರಿನವರಿಗೆ ತಿಳಿದ ಎಷ್ಟು ಸಂಗತಿಗಳಿಗೆ ಕಾಲಮ್ಮೇ ಇರುವುದಿಲ್ಲ! ಮಶಾಕನ ಆ ಗಲೀಜು ಕಾಗದದಲ್ಲಿ ಅವೆಲ್ಲ ಇದ್ದವು. ಯಾರು, ಎಲ್ಲಿ, ಯಾವ ಬದಿಗೆ. ಸತ್ತವರು ಸಹ ಇದ್ದರು.

ಈಗ ನನ್ನ ಮೇಜಿನ ಮೇಲೆ ಔರಾದಿನ ಪಟ್ಟಿ ಇದೆ. ಬೇಡ ಎಂದಿದ್ದೆ. ನಾನು ಮಾಡದಿದ್ದರೆ ಬೇರೆ ಯಾರೋ ಇನ್ನೂ ನೀಟಾಗಿ ಮಾಡುತ್ತಾರೆ ಎಂಬ ಭಯಕ್ಕೆ ತಂದುಕೊಂಡೆ. ಬೆಳಿಗ್ಗೆಯಿಂದ ಏಳು ಸಾಲು ತುಂಬಿದ್ದೇನೆ. ಎಂಟನೆಯದು ಹಳದಿಯಾಗಿ ಕುಳಿತಿದೆ, ಆ ಡ್ರೈವರಿಗೆ ಮೂರು ಸಲ ಫೋನು ಮಾಡಿದೆ, ಎತ್ತುತ್ತಿಲ್ಲ.

ಈ ಸಾಲಿನ ಆಚೆ ಬದಿಗೆ ಯಾರು ನಿಂತಿದ್ದಾರೋ, ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?