ಕಡಲಿನ ಕಡೆಗೆ ಗೆರೆ ಇರಲಿಲ್ಲ

ಅಕ್ಕೋರ ಕಾಲಿನ ಎರಡೂ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಕಡೆ ಹುಣಸೆಬೀಜದ ಬಣ್ಣದ ಗಟ್ಟಿ ಚರ್ಮ ಬೆಳೆದಿತ್ತು. ಉಪ್ಪುನೀರು ಕುಡಿದು ಕಲ್ಲಿನಂತಾದ ಚೆಂಡನ್ನು ಇಪ್ಪತ್ತು ವರ್ಷ ಬರಿಗಾಲಲ್ಲಿ ಒದ್ದರೆ ಉಗುರು ಎಷ್ಟು ಸಲ ತಾನೇ ಬೆಳೆದೀತು? ಮೊದಲು ಕಪ್ಪಾಗುತ್ತದೆ, ಆಮೇಲೆ ಸಡಿಲಾಗುತ್ತದೆ, ಒಂದು ದಿನ ಸ್ನಾನ ಮಾಡುವಾಗ ಕೈಗೇ ಬರುತ್ತದೆ, ಕೊನೆಗೆ ಬೆಳೆಯುವುದನ್ನೇ ಬಿಟ್ಟುಬಿಡುತ್ತದೆ. ಇದನ್ನು ಅವರು ನಮ್ಮನ್ನು ಹೆದರಿಸಲಿಕ್ಕೆ ಹೇಳುತ್ತಿರಲಿಲ್ಲ. ಹೆಮ್ಮೆಯಿಂದ ಹೇಳುತ್ತಿದ್ದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತೇವೆ. ಇವರು ಕಾರವಾರದ ಒಂದು ಹೈಸ್ಕೂಲಿನಲ್ಲಿ ಆಟದ ಅಕ್ಕೋರು. ಅವರು ಹುಟ್ಟಿದ ಊರು ನೌಕಾನೆಲೆಯ ಗೋಡೆಯೊಳಗೆ ಹೋಗಿ, ಮನೆಯವರೆಲ್ಲ ಅಮದಳ್ಳಿಗೆ ಬಂದು ನೆಲೆಸಿದ್ದರು. ತಾವು ಆಡಿ ಬೆಳೆದ ದಂಡೆಗೆ ಹೋಗಲು ಈಗ ಪಾಸು ಬೇಕು ಎಂದು ಒಮ್ಮೆ ಹೇಳಿದ್ದು ನೆನಪಿದೆ. ಹೇಳಿ ಮರುಗಳಿಗೆಯಲ್ಲೇ ಸೀಟಿ ಊದಿ ನಮ್ಮನ್ನು ಓಡಿಸಿದರು. ತಮ್ಮ ದುಃಖವನ್ನು ಯಾರಾದರೂ ಕೇಳಿಸಿಕೊಂಡರೆ ಅವರಿಗೆ ಸಿಟ್ಟು ಬರುತ್ತಿತ್ತು.

ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಿನ ಹೆಸರೇ ನಮ್ಮ ಹೆಸರು. ಮೀನು ಹಿಡಿಯುವವರ ಮನೆಯಿಂದ ಬಂದ ನಾನು ಮಾಜಾಳಿ. ಅಂಕೋಲೆ ತಾಲೂಕಿನ ಕಾಡಿನ ಊರಿಂದ ಬಂದು ಕಾರವಾರದ ಹಾಸ್ಟೆಲ್ಲಿನಲ್ಲಿದ್ದ, ನನಗಿಂತ ಎರಡು ವರ್ಷ ಚಿಕ್ಕ ಹುಡುಗಿ ಹಿಲ್ಲೂರು. "ಹೆಸ್ರು ನಿಮ್ಮ ಅಪ್ಪ ಆಯಿ ಇಟ್ಟಿದ್ದು. ಅದ್ರಲ್ಲಿ ನಿಮ್ಮದು ಯೆಂತಾ ಅದೆ? ಏನಾದ್ರೂ ಮಾಡಿ ತೋರ್ಸಿ, ಆವಾಗ ಹೆಸ್ರು ಹಿಡಿದು ಕರಿತೆ," ಅನ್ನುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ಕೊನೆಯವರೆಗೂ ಬರಲಿಲ್ಲ.

ಶಾಲೆಯ ಮೈದಾನದಲ್ಲಿ ಹೊಸ ಕಟ್ಟಡ ಎದ್ದಿದ್ದರಿಂದ ನಮ್ಮ ಆಟವೆಲ್ಲ ಕಡಲ ದಂಡೆಯಲ್ಲಿ. ಶಾಲೆಯ ಗಂಟೆಗಿಂತ ನಮಗೆ ಇಳಿತದ ಹೊತ್ತು ಮುಖ್ಯ. ನೀರು ಹಿಂದೆ ಸರಿದು ಮರಳು ಗಟ್ಟಿಯಾದ ಕೂಡಲೇ ಅಕ್ಕೋರು ತೆಂಗಿನ ಮಡಲೊಂದನ್ನು ಎಳೆಯುತ್ತ ಮೂರು ಗೆರೆ ಹಾಕುತ್ತಿದ್ದರು. ಎರಡು ಗೋಲಿನ ಕಡೆ, ಒಂದು ಗಾಳಿಮರಗಳ ಕಡೆ. ಕಡಲಿನ ಕಡೆಗೆ ಗೆರೆ ಇಲ್ಲ. ಹಾಕಿದರೂ ಒಂದು ತೆರೆ ಬಂದರೆ ಮುಗಿಯಿತು. ಹಾಗಾಗಿ ನಮ್ಮಲ್ಲಿ ಒಂದು ನಿಯಮವಿತ್ತು: ಚೆಂಡು ನೀರಿಗೆ ಬಿದ್ದರೂ ಆಟ ನಿಲ್ಲುವುದಿಲ್ಲ, ಮೊಣಕಾಲಿನವರೆಗೆ ನೀರು ಬರುವ ತನಕ ಆಡಬೇಕು.

ಆ ಮೊಣಕಾಲು ನೀರಿನಲ್ಲಿ ನನ್ನನ್ನು ಹಿಡಿಯುವವರು ಯಾರೂ ಇರಲಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ, ಅಥವಾ ಜಂಬಕ್ಕೇ ಬರೆಯುತ್ತಿದ್ದೇನೆ, ಇರಲಿ. ಯಾವ ತೆರೆ ಚೆಂಡನ್ನು ಒಳಗೆ ಎಳೆಯುತ್ತದೆ, ಯಾವುದು ಕಾಲಿಗೆ ತಂದು ಕೊಡುತ್ತದೆ ಎಂಬುದು ನನಗೆ ಹುಟ್ಟಿನಿಂದ ಗೊತ್ತು. ಉಳಿದವರು ನೀರಿನ ಅಂಚಿಗೆ ಬಂದು ನಿಂತುಬಿಡುತ್ತಿದ್ದರು, ನಾನು ನೀರಿನೊಳಗಿಂದ ಸುತ್ತು ಹಾಕಿ ಅವರ ಬೆನ್ನ ಹಿಂದೆ ಏಳುತ್ತಿದ್ದೆ. ಅರ್ಧ ಆಟ ಮುಗಿದು ತಂಡಗಳು ಕಡೆ ಬದಲಿಸಿದರೂ ಅಕ್ಕೋರು ನನ್ನನ್ನು ಕಡಲಿನ ಕಡೆಯಲ್ಲೇ ಇಡುತ್ತಿದ್ದರು.

ಹೊಡೆಯುತ್ತಿದ್ದರು. ಅದನ್ನು ಮುಚ್ಚಿಡುವುದಿಲ್ಲ. ಮಡಲಿನ ದಿಂಡು ಗೆರೆ ಹಾಕಲಿಕ್ಕೂ ಆಗುತ್ತಿತ್ತು, ಮೀನಖಂಡಕ್ಕೂ ಆಗುತ್ತಿತ್ತು. ಅತ್ತರೆ, "ಕಡ್ಲಿಗೆ ಹೋಗಿ ಅಳು. ಉಪ್ಪು ಅಲ್ಲೇ ಇರ್ಲಿ," ಅನ್ನುವರು. ಭಾನುವಾರ ಒಂದು ಪಾತ್ರೆ ಗಂಜಿ, ಸುಟ್ಟ ಒಣಬಂಗಡೆ ತರುತ್ತಿದ್ದರು. ಗಂಜಿ ಎಲ್ಲರಿಗೆ, ಬಂಗಡೆ ಗೋಲು ಹೊಡೆದವರಿಗೆ ಮಾತ್ರ. ಉಳಿದವರಿಗೆ ಬಂಗಡೆಯ ವಾಸನೆಯೇ ವ್ಯಂಜನ. ಒಂದು ಸಲ ನಾನು ಮೂರು ಗೋಲು ಹೊಡೆದೆ, ಹಿಲ್ಲೂರಿನ ಹುಡುಗಿ ಒಂದೂ ಹೊಡೆಯಲಿಲ್ಲ. ಅವಳ ಮುಖ ನೋಡಲಾರದೆ ನನ್ನ ಮೀನಿನಲ್ಲಿ ಅರ್ಧ ಮುರಿದು ಕೊಟ್ಟೆ. ಅಕ್ಕೋರು ಅವಳ ಕೈಯಿಂದ ಕಿತ್ತು ಕಾಗೆಗೆ ಎಸೆದರು. "ಮತ್ತೊಬ್ಬರ ಪಾಲು ತಿಂದು ಯಾರೂ ಆಟಗಾರ್ತಿ ಆಗ್ಲಿಲ್ಲ," ಅಂದರು. ಈ ಮಾತು ನಿಮ್ಮ ನೆನಪಿನಲ್ಲಿರಲಿ.

ನನ್ನ ಆಯಿ ಗಡಿಯಾಚೆ ಗೋವಾದ ಕಾಣಕೋಣದ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ನನ್ನ ಕಪ್ಪಾದ ಉಗುರು ಕಂಡು ಒಂದು ದಿನ ಬುಟ್ಟಿಯ ಸಮೇತ ಶಾಲೆಗೆ ಬಂದಳು.

"ಅಕ್ಕೋರೆ, ಹುಡ್ಗಿ ಕಾಲು ಕಾಣಿ. ನಾಳೆ ಇದ್ನ ಯಾರು ಮದ್ವೆ ಆಗ್ತಾರೆ?"

ಅಕ್ಕೋರು ಚಪ್ಪಲಿ ಕಳಚಿ ತಮ್ಮ ಕಾಲನ್ನು ಮುಂದೆ ಚಾಚಿದರು. "ನಂದೂ ಕಾಣು ತಂಗಿ. ನನ್ನ ಯಾರೂ ಆಗ್ಲಿಲ್ಲ. ನಾ ಸತ್ತು ಹೋಗಿದ್ನೆ?"

ಆಯಿ ಅಲ್ಲೇ ಬುಟ್ಟಿ ಇಳಿಸಿದಳು. ಅದರಿಂದ ಎರಡು ಇಸೋಣ ಮೀನು ತೆಗೆದು ಕೊಟ್ಟು ಬಂದಳು. ಅಕ್ಕೋರು ಬೇಡ ಅನ್ನಲಿಲ್ಲ, ಎರಡರಲ್ಲಿ ಒಂದು ಮೆತ್ತಗಾಗಿದೆ ಎಂದು ಬದಲಾಯಿಸಿಕೊಂಡರು.

ನನಗೆ ಹದಿನಾರು ನಡೆಯುತ್ತಿದ್ದಾಗ ಆ ಸುದ್ದಿ ಬಂತು. ಹದಿನೇಳರ ಒಳಗಿನ ಹುಡುಗಿಯರದ್ದೊಂದು ಹೊಸ ರಾಷ್ಟ್ರೀಯ ಫುಟ್‌ಬಾಲ್ ತಂಡವನ್ನು ಬುಡದಿಂದ ಕಟ್ಟುತ್ತಾರಂತೆ. ಹಳಬರು ಯಾರೂ ಬೇಡವಂತೆ. ಕರಾವಳಿಯ ಹುಡುಗಿಯರನ್ನು ಗೋವಾದ ಒಂದು ಮೈದಾನದಲ್ಲಿ ನೋಡುತ್ತಾರಂತೆ. ನಮ್ಮ ಜಿಲ್ಲೆಯಿಂದ ನನ್ನನ್ನೂ ಹಿಲ್ಲೂರನ್ನೂ ಕರೆದರು. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತಿತ್ತು. ನನಗೆ ಇದೊಂದೇ ಬಾಗಿಲು. ಆ ತಿಂಗಳು ನಾನು ಕನ್ನಡಿಯ ಮುಂದೆ ನಿಂತು ರಾಷ್ಟ್ರಗೀತೆ ಹಾಡುವಾಗ ಮುಖ ಹೇಗಿಟ್ಟುಕೊಳ್ಳಬೇಕೆಂದು ಅಭ್ಯಾಸ ಮಾಡಿದ್ದೇನೆ. ನಗುವವರು ನಗಲಿ.

ಅದೇ ತಿಂಗಳು ಅಕ್ಕೋರು ಪ್ರತಿ ಶನಿವಾರ, ಭಾನುವಾರ ಹಿಲ್ಲೂರನ್ನು ಅಂಕೋಲೆಗೆ ಕರೆದುಕೊಂಡು ಹೋದರು. ಅಲ್ಲಿನ ಮೈದಾನದಲ್ಲಿ ಸುಣ್ಣದ ಪುಡಿಯಿಂದ ನಾಲ್ಕೂ ಕಡೆ ಗೆರೆ ಹಾಕಿಸಿ ಆಡಿಸಿದರು. ನಾನೂ ಬರುತ್ತೇನೆ ಅಂದೆ.

"ನಿಂಗೆ ಬ್ಯಾಡ. ನೀನು ಕಡ್ಲಲ್ಲೇ ಆಡು. ಹುಲ್ಲಿನ ಮೇಲೆ ಆಡಿದ್ರೆ ನಿನ್ನ ಕಾಲು ಕೆಡ್ತದೆ."

ನಾನು ಹಿಗ್ಗಿದೆ. ಕಲಿಯುವುದು ಬಾಕಿ ಇದ್ದವಳಿಗೆ ಅಂಕೋಲೆ, ಕಲಿತವಳಿಗೆ ಕಡಲು ಎಂದುಕೊಂಡೆ. ಒಂದು ವಿಷಯ ಮಾತ್ರ ಆಗ ತಲೆಗೆ ಹೋಗಲಿಲ್ಲ. ಅದಕ್ಕೂ ಮುಂಚೆ ಜಿಲ್ಲಾ ಪಂದ್ಯಗಳಿಗೆ ಹೋದಾಗ, ಅಂದರೆ ನಿಜವಾದ ಗೆರೆ ಇದ್ದ ಮೈದಾನಗಳಲ್ಲಿ, ಅಕ್ಕೋರು ನನ್ನನ್ನು ಯಾವಾಗಲೂ ನಡುವೆ ಆಡಿಸುತ್ತಿದ್ದರು. "ಅಂಚಿಗೆ ಹೋದ್ರೆ ಕಾಲು ಮುರಿತೆ" ಎಂದು ಗದರಿಸಿ ಕಳಿಸುತ್ತಿದ್ದರು. ಯಾಕೆ ಅಂತ ನಾನು ಕೇಳಿರಲಿಲ್ಲ.

ಗೋವಾದಲ್ಲಿ, ಆಯ್ಕೆ ಮಾಡುವವರು ಹೆಸರು ಬರೆದುಕೊಳ್ಳುವಾಗ ನನ್ನ ಜಾಗ ಯಾವುದು ಎಂದು ಕೇಳಿದರು. ಅಕ್ಕೋರು ನನ್ನ ಮುಖ ನೋಡದೆ ಹೇಳಿದರು: "ಎಡ ಅಂಚು."

ಹಸಿರು ಹುಲ್ಲು, ಬೆಳ್ಳಗಿನ ಗೆರೆ. ಕುರುಡಿಗೂ ಕಾಣುವಂಥ ಗೆರೆ. ಮೊದಲ ಚೆಂಡು ಬಂತು. ಎದುರಿನವಳು ಅಡ್ಡ ನಿಂತಳು. ನನ್ನ ಕಾಲು ತನಗೆ ಗೊತ್ತಿದ್ದನ್ನು ಮಾಡಿತು: ಎಡಕ್ಕೆ ಸರಿದು, ಗೆರೆ ದಾಟಿ, ಆಯ್ಕೆಯವರ ಕುರ್ಚಿಗಳ ಮುಂದೆ ಹಾದು, ನೀರಿನ ಕ್ಯಾನನ್ನು ಬಳಸಿ, ಅವಳ ಬೆನ್ನ ಹಿಂದೆ ಮೈದಾನಕ್ಕೆ ವಾಪಸು ಬಂದೆ. ಸೀಟಿ ಯಾವಾಗಲೋ ಊದಿಯಾಗಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯ ಸಲ ಹಾಗೇ ಆದಾಗ ನಾನು ನಗಲಿಲ್ಲ. ಮೂರನೆಯ ಸಲ ಯಾರೂ ನಗಲಿಲ್ಲ. ಗೆರೆ ಕಣ್ಣಿಗೆ ಕಾಣುತ್ತಿತ್ತು, ಕಾಲು ಅದನ್ನು ನಂಬಲಿಲ್ಲ. ಆಮೇಲೆ ಗೆರೆಗೆ ಹೆದರಿ ಚೆಂಡು ಬಂದ ಕೂಡಲೇ ಯಾರಿಗಾದರೂ ಕೊಟ್ಟುಬಿಡತೊಡಗಿದೆ. ಆ ಕಡೆಯ ಅಂಚಿನಲ್ಲಿ ಹಿಲ್ಲೂರು ಗೆರೆಯ ಮೇಲೆ ನೂಲು ಹಿಡಿದ ಹಾಗೆ ಓಡುತ್ತಿದ್ದಳು. ಎರಡು ಗೋಲು ಹೊಡೆದಳು.

ಆಯ್ಕೆಯವರಲ್ಲಿ ಒಬ್ಬರು ಅಕ್ಕೋರನ್ನು ಕೊಂಕಣಿಯಲ್ಲಿ ಕೇಳಿದರು, ಈ ಹುಡುಗಿಗೆ ನಿಯಮ ಕಲಿಸಿಲ್ಲವೇ ಎಂದು. ನಮ್ಮ ಮನೆಮಾತೇ ಕೊಂಕಣಿ. ಅಕ್ಕೋರಿಗೆ ಅದು ಗೊತ್ತು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ.

"ಕಲಿಸಿದೆ. ತಲೆಗೆ ಹೋಗಲಿಲ್ಲ," ಅಂದರು ಅಕ್ಕೋರು.

ಬಸ್ಸಿನಲ್ಲಿ ವಾಪಸು ಹೊರಟೆವು. ಗಡಿಯ ಚೆಕ್‌ಪೋಸ್ಟ್ ದಾಟಿದ ಮೇಲೆ, "ಇಳಿ ಮಾಜಾಳಿ, ನಿನ್ನ ಊರು ಬಂತು," ಅಂದರು. ಇಳಿದೆ. ತಿಂಗಳೊಳಗೆ ಹಿಲ್ಲೂರಿಗೆ ಶಿಬಿರದ ಪತ್ರ ಬಂತು.

ಹೊಸ ತಂಡದ ಮೊದಲ ಪಂದ್ಯ ಬೇರೆ ದೇಶದಲ್ಲಿ. ಫೋನಿನಲ್ಲಿ ತೋರಿಸುತ್ತಾರೆಂದು ಗೊತ್ತಾಗಿ ಅಕ್ಕೋರು ನನಗೇ ಹೇಳಿ ಕಳಿಸಿದರು. "ನನ್ನ ಫೋನಲ್ಲಿ ನೆಟ್ ಬರೂದಿಲ್ಲ, ನಿಂದು ತಕಂಡು ಬಾ." ಶಾಲೆಯ ಜಗಲಿಯಲ್ಲಿ ಹುಡುಗಿಯರೆಲ್ಲ ಕೂತಿದ್ದರು. ಎಲ್ಲರಿಗೂ ಕಾಣಲಿ ಎಂದು ನಾನು ಫೋನನ್ನು ಎತ್ತಿ ಹಿಡಿದು ನಿಂತೆ, ಅಂದರೆ ನನಗೆ ಏನೂ ಕಾಣುತ್ತಿರಲಿಲ್ಲ. ಆಟ ಮುಗಿಯಲು ಹತ್ತು ನಿಮಿಷ ಇದೆ ಅನ್ನುವಾಗ ಹಿಲ್ಲೂರು ಮೈದಾನಕ್ಕೆ ಇಳಿದಳು. ಅದು ನನಗೆ ಗೊತ್ತಾಗಿದ್ದು ಅಕ್ಕೋರ ಮುಖದಿಂದ. ತುಟಿ ಅಲುಗುತ್ತಿತ್ತು. "ಒಳಗೆ, ಗೆರೆ ಒಳಗೆ, ಒಳಗೆ." ಆಮೇಲೆ ಅವಳ ಹೆಸರು ಹೇಳಿದರು. ಊರಿನ ಹೆಸರಲ್ಲ, ಅವಳ ಅಪ್ಪ ಅಮ್ಮ ಇಟ್ಟ ಹೆಸರು. ನಾನು ಫೋನನ್ನು ನನ್ನ ಕಡೆ ತಿರುಗಿಸಿದೆ. "ಸರಿ ಹಿಡಿ," ಎಂದು ಗದರಿದರು.

ಇಷ್ಟಾದರೂ ನಾನು ಅವರನ್ನು ಬಿಡಲಿಲ್ಲ. ಯಾಕೆ ಅಂದರೆ ಗೊತ್ತಿಲ್ಲ. ಪಿಯುಸಿ ಮುಗಿಸಿ, ಮಾಜಾಳಿಯ ಅರ್ಧ ಊರಿನ ಹಾಗೆ ನಾನೂ ಬೆಳಗಿನ ಬಸ್ಸಿಗೆ ಗೋವಾಕ್ಕೆ ಕೆಲಸಕ್ಕೆ ಹೋಗತೊಡಗಿದೆ. ರೆಫ್ರಿ ಪರೀಕ್ಷೆಗೆ ನನ್ನ ಅರ್ಜಿ ತುಂಬಿದವರೂ ಅವರೇ. "ಗೆರೆ ಎಲ್ಲಿ ಅದೆ ಅಂತ ಇನ್ನಾದ್ರೂ ಕಲಿ," ಎಂದು ಕಾಗದ ಮುಂದಿಟ್ಟರು. ಸಿಟ್ಟಿನಲ್ಲೇ ಬರೆದೆ, ಪಾಸಾದೆ. ಈಗ ಭಾನುವಾರ ಬಾವುಟ ಹಿಡಿದು ಗೆರೆಗುಂಟ ಓಡುತ್ತೇನೆ. ಚೆಂಡು ಒಂದು ಬೆರಳಿನಷ್ಟು ಹೊರಗೆ ಹೋದರೂ ನನ್ನ ಕಣ್ಣಿಗೆ ತಪ್ಪುವುದಿಲ್ಲ. ನನ್ನ ತುತ್ತಿಗೆ ಮರ್ಯಾದೆ ಬಂದಿದ್ದು ಅದರಿಂದ. ಅದು ಅವರ ಋಣ, ಇಲ್ಲವೆನ್ನುವುದಿಲ್ಲ.

ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಅವರನ್ನು ಹಾಸಿಗೆಗೆ ಕೆಡವಿತು. ಮೊದಲು ಕಣ್ಣು ಮಂಜಾಯಿತು, ಆಮೇಲೆ ಎಡಗಾಲಿನ ಹೆಬ್ಬೆರಳನ್ನೇ ತೆಗೆದರು. ಅಮದಳ್ಳಿಯ ಮನೆಗೆ ವಾರಕ್ಕೊಮ್ಮೆ ನಾನು ಹೋಗುತ್ತಿದ್ದೆ. ಪ್ರತಿ ಸಲ ಒಂದೇ ಪ್ರಶ್ನೆ: "ಹಿಲ್ಲೂರಿಂದು ಮುಂದಿನ ಆಟ ಯಾವಾಗ?"

ಹಿಲ್ಲೂರು ಆಡುವುದು ಬಿಟ್ಟು ಎರಡು ವರ್ಷವಾಗಿತ್ತು. ಬಲ ಮೊಣಕಾಲು ಆಮೇಲಿನ ಒಂದು ಶಿಬಿರದಲ್ಲಿ ಹೋಯಿತು. ಎರಡು ಸಲ ಕೊಯ್ದರೂ ಸರಿಯಾಗಲಿಲ್ಲ, ಊರಿಗೆ ಕಳಿಸಿದರು. ಅಕ್ಕೋರಿಗೆ ಮಾತ್ರ ಹೇಳಬೇಡ ಎಂದು ಅವಳು ನನ್ನ ಕೈ ಹಿಡಿದು ಅತ್ತಿದ್ದಳು. ಹಾಗಾಗಿ ನಾನು ಪಂದ್ಯಗಳನ್ನು ಕಟ್ಟಿ ಹೇಳುತ್ತಿದ್ದೆ. ಅವಳನ್ನು ಮಣಿಪುರದಲ್ಲಿ ಆಡಿಸಿದೆ, ನೇಪಾಳದಲ್ಲಿ ಆಡಿಸಿದೆ. ನಾನೇ ಪಾಸು ಕೊಟ್ಟೆ, ಅವಳಿಂದ ಗೋಲು ಹೊಡೆಸಿದೆ. ಅಕ್ಕೋರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ.

"ಅಕ್ಕೋರೆ, ಅವತ್ತು ನನ್ನ ಯೆಂತಕೆ ಅಂಚಿಗೆ ಹಾಕಿದ್ರಿ?"

ನೆನಪು ಮಾಡಿಕೊಳ್ಳುವ ನಾಟಕ ಅವರು ಮಾಡಲಿಲ್ಲ. "ಇಬ್ರಲ್ಲಿ ಒಂದ್ನೇ ತಕಂತೇವೆ ಅಂತ ಅವ್ರು ಮೊದ್ಲೇ ಹೇಳಿದ್ರು. ಅವ್ರಿಗೇ ಬಿಟ್ಟಿದ್ರೆ ನಿನ್ನೇ ತಕಂತಿದ್ರು."

"ನನ್ನ?"

"ನೀನೇ ಚೊಲೊ ಆಡ್ತಿದ್ದೆ. ಆ ಹಿಲ್ಲೂರಿಗಿಂತ ಬಾಳ ಚೊಲೊ."

ಮೂರು ವರ್ಷ ಅವರ ಕೈಕೆಳಗೆ ಆಡಿದವಳಿಗೆ ಅವರು ಕೊಟ್ಟ ಮೊದಲ ಹೊಗಳಿಕೆ.

"ಮತ್ತೆ ಯೆಂತಕೆ?"

"ಅದ್ರ ಅಪ್ಪ ಆಗ್ಲೇ ಗಂಡು ನೋಡಿದ್ದ. ಆಯ್ಕೆ ಆಗ್ದೆ ಇದ್ರೆ ಹಾಸ್ಟೆಲಿಂದ ಕರ್ಕಂಡು ಹೋಗಿ ಕುತ್ತಿಗೆಗೆ ತಾಳಿ ಕಟ್ಟಿಸ್ತಿದ್ದ. ಹದ್ನಾಲ್ಕು ವರ್ಷದ ಕೂಸು. ನಿಂಗೆ ಆಯಿ ಇತ್ತು, ಮನೆ ಇತ್ತು, ಕಡ್ಲು ಇತ್ತು. ನೀ ಬದುಕ್ತೆ ಅಂತ ಗೊತ್ತಿತ್ತು." ಉಸಿರು ತೆಗೆದುಕೊಂಡು ಮುಂದುವರಿಸಿದರು: "ತಪ್ಪಾಯ್ತು ಅಂತ ಹೇಳ್ತೆ ಅಂದ್ಕಂಡ್ಯ? ಹೇಳೂದಿಲ್ಲ. ಇವತ್ತೂ ಅದ್ನೇ ಮಾಡ್ತಿದ್ದೆ. ಅದು ಆಡ್ತಾ ಅದ್ಯಲ, ನಂಗೆ ಅಷ್ಟು ಸಾಕು. ಮುಂದಿನ ಆಟ ಯಾವಾಗ ಹೇಳು."

ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ಈಗ ಕೂತು ತೂಗಬಹುದು. ಆಗ ತೂಗಲಿಲ್ಲ. ಕಾಗೆಗೆ ಎಸೆದ ಆ ಅರ್ಧ ಬಂಗಡೆ ಕಣ್ಣಮುಂದೆ ಬಂತು. ಇವರಿಗೂ ನೋಯಬೇಕು ಅನ್ನಿಸಿತು, ಅಷ್ಟೆ.

"ಆಟ ಇಲ್ಲ ಅಕ್ಕೋರೆ. ಅದು ಆಡೂದು ಬಿಟ್ಟು ಎರಡು ವರ್ಷ ಆಯ್ತು. ಮೊಣಕಾಲು ಹೋಯ್ತು. ನಾ ಹೇಳಿದ್ದೆಲ್ಲ ಸುಳ್ಳು."

ಹೊರಗೆ ಮಳೆ ಹೆಂಚಿನ ಮೇಲೆ ಬೀಳುತ್ತಿತ್ತು.

"ಯಾವ ಕಾಲು?" ಅಂದರು.

"ಬಲಗಾಲು."

ಅವರು ಹೊದಿಕೆಯನ್ನು ಎಳೆದು ತಮ್ಮ ಕಾಲುಗಳನ್ನು ಮುಚ್ಚಿಕೊಂಡರು. ಯಾರಿಗೂ ಮುಚ್ಚಿಡದೆ, ಬಂದವರಿಗೆಲ್ಲ ಚಾಚಿ ತೋರಿಸುತ್ತಿದ್ದ ಕಾಲು. ಆಮೇಲೆ ಗೋಡೆಯ ಕಡೆ ತಿರುಗಿದರು.

ಅವರ ತಂಗಿ ಆಮೇಲೆ ಹೇಳಿದಳು, ಆ ದಿನದಿಂದ ಗಂಜಿಯನ್ನೂ ಮುಟ್ಟಲಿಲ್ಲವಂತೆ. ಆರನೆಯ ದಿನ ಹೋದರು.

ಮಸಣಕ್ಕೆ ನಮ್ಮಲ್ಲಿ ಹೆಂಗಸರು ಹೋಗುವುದು ಕಡಿಮೆ. ಆದರೂ ಅವರು ಆಡಿಸಿದ ಹುಡುಗಿಯರು ಇಪ್ಪತ್ತು ಮಂದಿ ಹೋದೆವು, ಯಾರೂ ತಡೆಯಲಿಲ್ಲ. ಹಿಲ್ಲೂರಿನವಳು ಕೋಲೂರಿಕೊಂಡು ಬಂದಳು. ಚಿತೆ ಹತ್ತಿಕೊಂಡ ಮೇಲೆ ನನ್ನ ಪಕ್ಕಕ್ಕೆ ಬಂದು ನಿಂತು, ಕಿವಿಯ ಹತ್ತಿರ ಕೇಳಿದಳು.

"ಅಕ್ಕಾ, ಅಕ್ಕೋರಿಗೆ ಕಡೆತನಕ ಗೊತ್ತಾಗ್ಲಿಲ್ಲ ಅಲಾ?"

"ಇಲ್ಲ," ಅಂದೆ.

"ನಿನ್ನ ಉಪಕಾರ ಮರೆಯೂದಿಲ್ಲ," ಎಂದು ಅವಳು ನನ್ನ ಕೈ ಹಿಡಿದುಕೊಂಡಳು. ಅಕ್ಕೋರ ಮನೆಗೆ ವಾಪಸು ಬರುವ ತನಕ ಬಿಡಲಿಲ್ಲ.