ಐವತ್ತೂ ಐವತ್ತೂ ಸೇರಿದರೆ

ಹೈಸ್ಕೂಲಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಟೆಸ್ಟ್ ಟ್ಯೂಬ್ ತೊಳೆದ ಆ ಮನುಷ್ಯರನ್ನು ಮಕ್ಕಳು ಲ್ಯಾಬ್ ಮಾಮ ಎಂದು ಕರೆಯುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಮಾತ್ರ ಅವರಿಗೆ ಬೇರೊಂದು ಹೆಸರಿತ್ತು: ಸ್ಪಿರಿಟಪ್ಪ. ಹೆಸರಿಟ್ಟವರು ಡ್ರಾಯಿಂಗ್ ಮೇಷ್ಟ್ರು. ಕುಡಿತವೆಂದರೆ ಮಾರು ದೂರ ನಿಲ್ಲುವ, ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿಯೇ ಬಾಯಿಗೆ ಹಾಕುವ ಮನುಷ್ಯರಿಗೆ ಇಂಥ ಹೆಸರು ಅಂಟಿಕೊಂಡ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಗಾಜಿನ ಸಾಮಾನು ಒರೆಸಲು ತಿಂಗಳಿಗೊಮ್ಮೆ ಅರ್ಧ ಸ್ಪಿರಿಟ್, ಅರ್ಧ ನೀರು ಬೆರೆಸಿ ಎರಡು ಲೀಟರಿನ ಜಾಡಿ ತುಂಬಿಸಿಡುವುದು ಮಾಮನ ಕೆಲಸ. ಒಂದು ಲೀಟರ್ ಸ್ಪಿರಿಟನ್ನು ಕೆಮಿಸ್ಟ್ರಿ ಮೇಷ್ಟ್ರು ಕೈಯಾರೆ ಅಳೆದು ಕೊಡುತ್ತಿದ್ದರು. ಮಾಮ ಅದಕ್ಕೆ ಒಂದು ಲೀಟರ್ ನೀರು ಬೆರೆಸುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಒಂದು ದಿನ ಮೇಷ್ಟ್ರು ಜಾಡಿಯ ಗೆರೆಯನ್ನು ಬಗ್ಗಿ ನೋಡಿದರು. ನಾಲ್ಕು ದೊಡ್ಡ ಚಮಚದಷ್ಟು ಕಡಿಮೆ.

“ಏನಯ್ಯಾ, ದಾರೀಲಿ ಯಾರೋ ಒಂದು ಗುಟುಕು ಹಾಕಿದ ಹಾಗಿದೆ?” ಎಂದು ನಕ್ಕರು.

ತಮಾಷೆಗೆ ಅಂದರೋ ಅನುಮಾನದಿಂದ ಅಂದರೋ, ಆ ಮಾತು ಮಾಮನಿಗಿಂತ ಮುಂಚೆ ಸ್ಟಾಫ್ ರೂಮು ಮುಟ್ಟಿತ್ತು. ಮಾಮ ಆಣೆ ಇಟ್ಟರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬರೇ ಇದ್ದಾಗ ಲ್ಯಾಬಿನ ದೀಪಕ್ಕೆ ಹಾಕುವ ಸ್ಪಿರಿಟಿನಲ್ಲೇ ಸ್ವಲ್ಪ ಸ್ವಲ್ಪ ಅಳೆದು ನಾಲ್ಕು ಸಲ ಬೆರೆಸಿ ನೋಡಿದರು. ನಾಲ್ಕು ಸಲವೂ ಕಡಿಮೆಯೇ ಬಂತು. ತಮ್ಮ ಕೈಯಲ್ಲೇ ಏನೋ ದೋಷವಿದೆ ಎಂದುಕೊಂಡರು. ಆಮೇಲೆ ಅವರು ಮಾಡಿದ್ದು ಶುದ್ಧ ಪೆದ್ದುತನ. ಮುಂದಿನ ತಿಂಗಳಿಂದ ಗೆರೆ ಮುಟ್ಟುವವರೆಗೆ ಇನ್ನಷ್ಟು ನೀರು ಸುರಿದಿಟ್ಟರು. ತುಂಬಿದ ಜಾಡಿ ಕಂಡು ಎಲ್ಲರೂ, “ನೋಡಿ, ಒಂದು ಮಾತು ಅಂದಿದ್ದಕ್ಕೆ ಬಿಟ್ಟೇಬಿಟ್ಟ” ಎಂದು ಮೆಚ್ಚಿಕೊಂಡರು. ಮಾಡದ ತಪ್ಪು ಹೀಗೆ ಮಾಡಿದ್ದೇ ಆಗಿಹೋಯಿತು.

ಈಗ ನಿವೃತ್ತಿಗೆ ಎರಡೇ ತಿಂಗಳು ಉಳಿದಿತ್ತು. ಬೀಳ್ಕೊಡುಗೆ ಸಭೆ ಬೇಡವೇ ಬೇಡ ಎಂದು ಮಾಮ ಹಟ ಹಿಡಿದಿದ್ದರು. ಸಭೆ ಎಂದರೆ ಡ್ರಾಯಿಂಗ್ ಮೇಷ್ಟ್ರ ಭಾಷಣ. ಆ ಭಾಷಣ ಎಂದರೆ ಸ್ಪಿರಿಟಪ್ಪ. ಮುಂದಿನ ಸಾಲಿನಲ್ಲಿ ಕೂತು ಅದನ್ನು ಕೇಳಬೇಕಾದವಳು ಮಗಳು, ಅಪ್ಪ ಎಂದರೆ ಪ್ರಾಣ ಬಿಡುವವಳು. ಅದೊಂದು ಮಾಮನಿಗೆ ಸಹಿಸಲಾಗದ ವಿಷಯ. “ಎಲ್ಲರಿಗೂ ಮಾಡೋದು ನಿಮಗ್ಯಾಕೆ ಬೇಡ?” ಎಂದು ಹೆಂಡತಿ ಕೇಳಿದರೆ, “ಭಾಷಣ ಕೇಳಿದ್ರೆ ನಿದ್ದೆ ಬರುತ್ತೆ ಕಣೇ” ಎಂದು ತೇಲಿಸಿಬಿಡುತ್ತಿದ್ದರು.

ಅವತ್ತಿನ ಕೆಮಿಸ್ಟ್ರಿ ಮೇಷ್ಟ್ರೇ ಈಗ ಹೆಡ್‌ಮಾಸ್ಟರು. ಕುರ್ಚಿ ಬದಲಾದರೂ ಹತ್ತನೇ ತರಗತಿಯ ಕೆಮಿಸ್ಟ್ರಿಯನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವರಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಕ್ವಿಜ್ ಆದ ಮರುದಿನ ಲ್ಯಾಬಿನಲ್ಲಿ ತಕರಾರು ಪೀರಿಯಡ್. ಮೇಷ್ಟ್ರ ಉತ್ತರವೇ ತಪ್ಪು ಎಂದು ಯಾರು ಬೇಕಾದರೂ ಜಗಳ ತೆಗೆಯಬಹುದು. ಆದರೆ ಬಾಯಿಮಾತಿಗೆ ಅಂಕವಿಲ್ಲ, ಮೇಜಿನ ಮೇಲೆ ಮಾಡಿ ತೋರಿಸಿದರೆ ಮಾತ್ರ. ಮಕ್ಕಳಿಗೆ ಅದು ಆಟದ ಪೀರಿಯಡ್ಡಿಗಿಂತ ಹೆಚ್ಚು.

ಆ ದಿನ ಮೊದಲು ಎದ್ದವನು ಕೊನೆ ಬೆಂಚಿನ ಉದ್ದನೆ ಹುಡುಗ. ರೂಮಿನ ಉಷ್ಣಾಂಶದಲ್ಲಿ ದ್ರವವಾಗಿರುವ ಲೋಹ ಯಾವುದು ಎಂದು ಕೇಳಿದ್ದಕ್ಕೆ ಪಾದರಸ ಬಿಟ್ಟು ಗ್ಯಾಲಿಯಂ ಎಂದು ಬರೆದಿದ್ದ.

“ಗ್ಯಾಲಿಯಂ ಮೂವತ್ತು ಡಿಗ್ರಿಗೆ ಕರಗುತ್ತೆ ಸಾರ್. ಯಾರ ರೂಮು ಅಂತ ನೀವು ಹೇಳೇ ಇಲ್ಲ. ಬೇಸಿಗೇಲಿ ನಮ್ಮ ತಗಡಿನ ರೂಮಿಗೆ ಬನ್ನಿ, ನೀವೇ ಕರಗ್ತೀರ!”

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಡ್‌ಮಾಸ್ಟರೂ ನಕ್ಕರು. ಲ್ಯಾಬಿನಲ್ಲಿ ಗ್ಯಾಲಿಯಂ ಇರಲಿಲ್ಲ, ಹಾಗಾಗಿ ಅಂಕವೂ ಸಿಗಲಿಲ್ಲ.

ಆಮೇಲೆ ಎದ್ದವಳು ದಪ್ಪ ಕನ್ನಡಕದ ಹುಡುಗಿ. “ಒಂಬತ್ತನೇ ಪ್ರಶ್ನೆ ಸಾರ್. ಐವತ್ತು ಎಂಎಲ್ ಸ್ಪಿರಿಟಿಗೆ ಐವತ್ತು ಎಂಎಲ್ ನೀರು ಬೆರೆಸಿದ್ರೆ ನೂರು ಅಂತ ನಿಮ್ಮ ಉತ್ತರ. ನಾನು ನೂರಕ್ಕಿಂತ ಕಡಿಮೆ ಅಂತ ಬರೆದೆ. ನೀವು ತಪ್ಪು ಹಾಕಿದೀರ.”

“ಐವತ್ತೂ ಐವತ್ತೂ ಕೂಡೋಕೆ ಬರಲ್ವೇನಮ್ಮಾ?”

“ಕೂಡಿದ್ರೆ ನೂರೇ ಸಾರ್. ಆದ್ರೆ ಒಂದು ಲೋಟ ಕಡಲೆಕಾಳಿಗೆ ಒಂದು ಲೋಟ ಸಾಸಿವೆ ಸುರಿದ್ರೆ ಎರಡು ಲೋಟ ಆಗುತ್ತಾ? ಸಾಸಿವೆ ಸಂದೀಲಿ ಇಳಿದುಬಿಡುತ್ತೆ. ಇದೂ ಹಾಗೇ ಇರ್ಬೇಕು.”

ಮೂಲೆಯಲ್ಲಿ ಬೀಕರ್ ತೊಳೆಯುತ್ತಿದ್ದ ಮಾಮನ ಕೈ ನಿಂತಿತು. ನಲ್ಲಿ ನೀರು ಸುರಿಯುತ್ತಲೇ ಇತ್ತು.

“ಸರಿ, ಮೇಜಿನ ಮೇಲೆ ತೋರಿಸು. ಏನಯ್ಯಾ, ಸಿಲಿಂಡರ್ ತಗೊಂಡು ಬಾ.”

ಗೆರೆ ಹಾಕಿದ ಅಳತೆಯ ಸಿಲಿಂಡರುಗಳನ್ನು ಮಾಮ ಒಂದು ಹನಿ ತೇವ ಉಳಿಯದಂತೆ ಒರೆಸಿ ಟ್ರೇಯಲ್ಲಿ ತಂದಿಟ್ಟರು. ಹುಡುಗಿ ಎರಡನ್ನೂ ಅಳೆದಳು. ಹೆಡ್‌ಮಾಸ್ಟರು ಗೆರೆ ನೋಡಿ ತಲೆಯಾಡಿಸಿದರು. ಸ್ಪಿರಿಟಿನ ಮೇಲೆ ನೀರು ಬಿತ್ತು, ಸಣ್ಣ ಗುಳ್ಳೆಗಳು ಎದ್ದು ಅಡಗಿದವು. ಮಟ್ಟ ತೊಂಬತ್ತೇಳಕ್ಕೆ ನಿಂತಿತು.

“ಸ್ವಲ್ಪ ಚೆಲ್ಲಿರ್ಬೇಕು” ಎಂದರು ಹೆಡ್‌ಮಾಸ್ಟರು. ಎರಡನೇ ಸಲ ತಾವೇ ಸುರಿದರು. ತೊಂಬತ್ತೇಳು. ಮೂರನೇ ಸಲ ತಳದ ಹನಿಯನ್ನೂ ತಟ್ಟಿ ತಟ್ಟಿ ಬೀಳಿಸಿದರು. ಅದೇ ತೊಂಬತ್ತೇಳು. ತೂಕಕ್ಕೆ ತೂಕ ಕೂಡುತ್ತದೆ ಎಂದು ಪುಸ್ತಕ ಹೇಳಿತ್ತು. ಅಳತೆಗೆ ಅಳತೆಯೂ ಕೂಡುತ್ತದೆ ಎಂದು ಇವರು ತಾವಾಗಿಯೇ ಸೇರಿಸಿಕೊಂಡು ಇಷ್ಟು ವರ್ಷ ಪಾಠ ಮಾಡಿದ್ದರು. ಗೆರೆ ನೋಡಲು ಬಗ್ಗಿದವರು ಬಗ್ಗಿಯೇ ಉಳಿದರು. ಅಲ್ಲಿಂದಲೇ ಅವರ ಕಣ್ಣು ಮೇಜಿನ ಆಚೆ ನಿಂತಿದ್ದ ಮಾಮನ ಮೇಲೆ ಬಿತ್ತು.

“ಹಾಗಾದ್ರೆ ಎರಡು ಲೀಟರಿಗೆ…”

“ನಾಲ್ಕು ಚಮಚ ಕಡಿಮೆ ಬರುತ್ತೆ ಸಾರ್” ಎಂದರು ಮಾಮ.

“ಮತ್ತೆ ಆಮೇಲೆ ಜಾಡಿ ಸರಿಯಾಗಿ ತುಂಬ್ತಿತ್ತಲ್ಲ?”

“ನೀರು ಹಾಕ್ತಿದ್ದೆ ಸಾರ್. ಇನ್ನೇನು ಮಾಡ್ಲಿ? ನೀವು ಗೆರೆ ನೋಡ್ತಿದ್ರಿ.”

ಮಕ್ಕಳು ಮುಖ ಮುಖ ನೋಡಿಕೊಂಡರು. ಹೆಡ್‌ಮಾಸ್ಟರು ನೆಟ್ಟಗೆ ನಿಂತು, ಜಾಡಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದರು. “ತಪ್ಪು ಉತ್ತರ ನನ್ನದೇ. ಈ ಹುಡುಗಿ ವಿಷಯದಲ್ಲಿ ನಿನ್ನೆ, ಇವರ ವಿಷಯದಲ್ಲಿ ಹತ್ತೊಂಬತ್ತು ವರ್ಷದ ಹಿಂದೆ. ಅವತ್ತು ಮೇಜಿನ ಮೇಲೆ ಮಾಡಿ ನೋಡ್ದೆ ಬಾಯಿಗೆ ಬಂದದ್ದು ಅಂದುಬಿಟ್ಟೆ” ಎಂದು ಮಾಮನ ಕಡೆ ತಿರುಗಿದರು. “ನೀವು ನನ್ನನ್ನ ಕ್ಷಮಿಸ್ಬೇಕು.”

‘ಏನಯ್ಯಾ’ ಹೋಗಿ ‘ನೀವು’ ಬಂದಿತ್ತು. ಮಾಮನಿಗೆ ನಗು ಉಕ್ಕಿತು. ತಮ್ಮ ಕೈಯಲ್ಲಿ ದೋಷವಿರಲಿಲ್ಲ ಎಂಬುದು ಇವತ್ತಷ್ಟೇ ಅವರಿಗೂ ಗೊತ್ತಾದದ್ದು. ಮಕ್ಕಳ ಚಪ್ಪಾಳೆಗೆ ಕಿಟಕಿ ಗಾಜು ಅದುರಿತು.

“ಸಾರ್, ನನ್ನ ಅಂಕ?” ಎಂದಳು ಕನ್ನಡಕದ ಹುಡುಗಿ, ಗದ್ದಲದ ನಡುವೆ.

ಅಂಕ ಸಿಕ್ಕಿತು. ಆಗ ಮಾಮ ಕೈ ಒರೆಸಿಕೊಂಡು ಮುಂದೆ ಬಂದರು. “ಸಾರ್, ನನ್ನದೂ ಒಂದು ತಕರಾರಿದೆ. ಇದನ್ನ ಸ್ಟಾಫ್ ರೂಮಲ್ಲೂ ಒಂದು ಸಲ ಮಾಡಿ ತೋರಿಸ್ಬೇಕು. ಹೆಸರು ಹುಟ್ಟಿದ್ದು ಅಲ್ಲಿ.”

“ಈಗಲೇ ನಡೀರಿ” ಎಂದರು ಹೆಡ್‌ಮಾಸ್ಟರು. ಮಾಮ ಟ್ರೇಗೆ ಕೈ ಚಾಚುವಷ್ಟರಲ್ಲಿ ಅವರೇ ಅದನ್ನು ಎತ್ತಿಕೊಂಡಿದ್ದರು. ಮಾಮ ಬರಿಗೈಯಲ್ಲಿ ಮುಂದೆ, ಸಿಲಿಂಡರುಗಳನ್ನು ಕಿಣಿಕಿಣಿ ಎನ್ನಿಸುತ್ತ ಹೆಡ್‌ಮಾಸ್ಟರು ಹಿಂದೆ, ಅವರ ಹಿಂದೆ ಹತ್ತನೇ ತರಗತಿ ಇಡೀ.

ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತು. ಮಾಮ ತಾವೇ ಅಳೆದು, ತಾವೇ ಸುರಿದರು. ಹೆಡ್‌ಮಾಸ್ಟರು ಇದು ಯಾತಕ್ಕೆ ಎಂದು ಎರಡೇ ಮಾತಿನಲ್ಲಿ ಹೇಳಿದರು. ಕಪ್ಪುಗಳು ಒಂದೊಂದಾಗಿ ಮೇಜಿಗಿಳಿದವು.

“ಡ್ರಾಯಿಂಗ್ ಮೇಷ್ಟ್ರೇ, ನನ್ನ ಕಣ್ಣು ಸ್ವಲ್ಪ ಮಂಜು. ಎಷ್ಟಿದೆ ಓದಿ ಹೇಳ್ತೀರಾ?” ಎಂದರು ಮಾಮ.

ಡ್ರಾಯಿಂಗ್ ಮೇಷ್ಟ್ರು ಬಗ್ಗಿ ನೋಡಿದರು. ಅವರ ಕಿವಿ ಕೆಂಪಗಾಗಿತ್ತು. “ತೊಂಬತ್ತೇಳು” ಎಂದು ಗೊಣಗಿದರು.

“ಜೋರಾಗಿ ಹೇಳಿ ಅಭ್ಯಾಸ ಮಾಡ್ಕೊಳ್ಳಿ ಮೇಷ್ಟ್ರೇ” ಎಂದರು ಮಾಮ, ಮುಖವೆಲ್ಲ ನಗುವಾಗಿ. “ಇನ್ನೆರಡು ತಿಂಗಳಿಗೆ ಸಭೇಲಿ ನನ್ನ ಮಗಳ ಮುಂದೆ ಹೇಳ್ಬೇಕಲ್ಲ.”