ಖಾಲಿಯಾದ ಫೈಲು ಮತ್ತು ಅಮೀರುನ್ನೀಸಾ

ಅಮೀರುನ್ನೀಸಾ ಮುಂಬಯಿಯ ಬೈಕುಲ್ಲಾದ ಒಂದು ಚಾಳಿನಲ್ಲಿ ಬೆಳೆದವಳು. ವಿಜಾಪುರದ ಕಡೆಯಿಂದ ಬಂದ ಅಪ್ಪ ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ. ಅವಳು ದಿನಾ ಲೋಕಲ್ ರೈಲು, ಬಸ್ಸು ಹಿಡಿದು ಪವಾಯಿಯ ಒಂದು ಸಂಶೋಧನಾ ಕಚೇರಿಗೆ ಟೈಪಿಸ್ಟ್ ಕೆಲಸಕ್ಕೆ ಹೋಗುತ್ತಿದ್ದಳು.

೧೯೭೮ರಲ್ಲಿ ಆ ಕಚೇರಿಗೆ ಗಿರಣಿ ಕಾರ್ಮಿಕರ ಕೆಮ್ಮು-ದಮ್ಮಿನ ಸಮೀಕ್ಷೆ ಬಂತು. ಒಬ್ಬೊಬ್ಬರ ಹೇಳಿಕೆಯನ್ನೂ ಟೈಪ್ ಮಾಡಿ ಕಂಪ್ಯೂಟರಿನ ಫೈಲಿಗೆ ಸೇರಿಸುವುದು ಅವಳ ಪಾಲಿನ ಕೆಲಸ. ಅಪ್ಪನ ಹೇಳಿಕೆ ಕೈಗೆ ಬಂದಾಗ ಬೆರಳುಗಳು ಒಂದು ಗಳಿಗೆ ನಿಂತವು, ಮತ್ತೆ ಓಡಿದವು.

ಊರುಗಳ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಸಿದ್ದರು. ಅವನ್ನು ಸರಿಪಡಿಸಲೆಂದು ಪ್ರೋಗ್ರಾಮರ್ ಬಸವಂತರಾಯ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಮು ಬರೆದು ಓಡಿಸಿದ. ಆಮೇಲೆ ಅಮೀರುನ್ನೀಸಾ ಫೈಲು ನೋಡಿ ಗಾಬರಿಯಾದಳು.

“ಸರ್, ಫೈಲಿನ ಹೆಸರಷ್ಟೇ ಐತ್ರಿ. ಒಳಗ ಒಂದಕ್ಷರಾನೂ ಇಲ್ಲ.”

ಬಸವಂತರಾಯನ ಮುಖ ಇಳಿಯಿತು. “ತಪ್ಪು ನಂದವಾ. ಓದೋ ಫೈಲಿನ ಮ್ಯಾಲೇ ಬರಿಯಾಕ ಹೋದೆ. ಬರಿಯಾಕಂತ ತೆರದ ಕೂಡ್ಲೆ ಹಳೇದೆಲ್ಲಾ ಅಳಿಸಿ ಹೋಗತೈತಿ.”

“ಮಂದಿ ಕೆಮ್ಮಿಕೋತ ಹೇಳ್ಯಾರ್ರಿ ಅದನ್ನ!” ಅವಳ ದನಿ ಏರಿತು. ಹೇಳಿಕೆಗಳ ಕಾಗದದ ಕಟ್ಟನ್ನು ಹತ್ತಿರ ಎಳೆದುಕೊಂಡು ಹೇಳಿದಳು, “ಮತ್ತ ಟೈಪ್ ಮಾಡತೇನ್ರಿ. ಆದ್ರ ನನಗೂ ಸಿ ಕಲಿಸ್ರಿ.”

ಊಟದ ಬಿಡುವಿನಲ್ಲಿ ಅವನು ಕಲಿಸಿದ. ಹಳೆಯ ಫೈಲನ್ನು ಓದಲು ಮಾತ್ರ ತೆರೆಯಬೇಕು. ಅದು ತೆರೆದುಕೊಳ್ಳದಿದ್ದರೆ ಪ್ರೋಗ್ರಾಮು ಅಲ್ಲೇ ನಿಲ್ಲಬೇಕು. ಬರೆಯುವುದೇನಿದ್ದರೂ ಬೇರೆ ಹೆಸರಿನ ಫೈಲಿಗೆ. ಬರೆದದ್ದು, ಮುಚ್ಚಿದ್ದು ಎರಡೂ ಸರಿಯಾಯಿತೆಂದು ಖಾತ್ರಿಯಾದ ಮೇಲಷ್ಟೇ ಹೊಸ ಫೈಲಿಗೆ ಹಳೆಯದರ ಹೆಸರು ಕೊಡಬೇಕು. ಮೊದಮೊದಲು ಅವಳಿಗೆ ತಲೆಬುಡ ತಿಳಿಯಲಿಲ್ಲ. ಬೈಸಿಕೊಂಡಳು, ಒಮ್ಮೆ ಅತ್ತಳು, ಬಿಡಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಹೇಳಿಕೆಗಳೆಲ್ಲ ಮತ್ತೆ ಫೈಲು ಸೇರಿದ್ದವು. ಊರಿನ ಹೆಸರು ತಿದ್ದುವ ಪ್ರೋಗ್ರಾಮನ್ನು ಈ ಸಲ ಅವಳೇ ಬರೆದಳು. ಓಡಿಸಿದರೆ ಅರ್ಧಕ್ಕೇ ನಿಂತು, ಬರೆಯಲಾಗಲಿಲ್ಲ ಎಂದಿತು. ಡಿಸ್ಕು ತುಂಬಿಹೋಗಿತ್ತು.

ಬಸವಂತರಾಯ ಓಡಿ ಬಂದ. “ಮತ್ತ ಹೋತೇನು?”

“ಇಲ್ರಿ, ಹಳೇದು ಹಂಗ ಐತಿ. ಹೊಸದು ಅರ್ಧಾ ಆಗಿತ್ತು, ಅದನ್ನ ತಗದೇನಿ.”

ಬೇಡದ ಫೈಲುಗಳನ್ನು ತೆಗೆದು ಜಾಗ ಮಾಡಿ ಮತ್ತೆ ಓಡಿಸಿದಳು. ಕೊನೆಯ ಸಾಲಿನವರೆಗೂ ಸರಿಯಾಗಿ ಹೋಯಿತು. ಬಸವಂತರಾಯ ಪಕ್ಕದ ಕುರ್ಚಿಯಲ್ಲಿ ಕೂತ. ಇಬ್ಬರಿಗೂ ಚಹಾ ತರಿಸಿದ.

ಮರುವರ್ಷ ವಿಕ್ರೋಳಿಯ ಒಂದು ಕಂಪನಿಯಲ್ಲಿ ಅವಳಿಗೆ ಪ್ರೋಗ್ರಾಮರ್ ಕೆಲಸ ಸಿಕ್ಕಿತು. ಅವಳ ವಿಭಾಗದಲ್ಲಿ ಹೆಂಗಸು ಅಂತ ಇದ್ದವಳು ಅವಳೊಬ್ಬಳೇ.